ಬಿಳಿ ಮುಖದ ಕರುಗಳು

ಈ ಸಂಗತಿ ಬರೆಯಲು ಕೂತರೆ ಇವತ್ತಿಗೂ ನನಗೆ ಸಿಟ್ಟು ನೆತ್ತಿಗೇರುತ್ತದೆ. ಒಂದು ಹೋರಿಗೆ ಆದ ಅನ್ಯಾಯವನ್ನು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ತಿರುಗುವವರು ಪ್ರಪಂಚದಲ್ಲಿ ಯಾರಾದರೂ ಇದ್ದಾರೆಯೇ ಎಂದು ನನ್ನ ಹೆಂಡತಿ ಕೇಳುತ್ತಾಳೆ. ಇದ್ದಾರೆ. ಅವಳ ಮನೆಯಲ್ಲೇ ಒಬ್ಬನಿದ್ದಾನೆ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಕುವೈತ್‌ನಲ್ಲಿ ಪಶುವೈದ್ಯನಾಗಿದ್ದೆ. ಮಂಡ್ಯದ ಕಡೆಯವನು. ಮನೆ ಖೈತಾನ್‌ನಲ್ಲಿ, ಕೆಲಸ ದಕ್ಷಿಣಕ್ಕೆ, ಊರೆಲ್ಲ ಮುಗಿದ ಮೇಲೆ ಸಿಗುವ ಮರಳಿನಲ್ಲಿ ಒಬ್ಬ ದೊಡ್ಡ ವ್ಯಾಪಾರಿ ಮಾಡಿಕೊಂಡಿದ್ದ ಫಾರ್ಮಿನಲ್ಲಿ. ಅವನೇ ನನ್ನ ಕಫೀಲ್, ಅಂದರೆ ಸರ್ಕಾರದ ಮುಂದೆ ನನ್ನ ಹೊಣೆ ಹೊತ್ತ ಧಣಿ. ಅವನ ಸಹಿ ಇದ್ದರೆ ನನಗೆ ಅಲ್ಲಿರುವ ಪರವಾನಗಿ, ಇಕಾಮಾ; ಇಲ್ಲದಿದ್ದರೆ ಊರಿನ ವಿಮಾನ. ಅಲ್ಲಿದ್ದ ನಮ್ಮೆಲ್ಲರ ಪಾಡೂ ಅದೇ ಆಗಿದ್ದರಿಂದ ಅದನ್ನು ಯಾರೂ ದೊಡ್ಡದಾಗಿ ಹೇಳಿಕೊಳ್ಳುತ್ತಿರಲಿಲ್ಲ.

ಫಾರ್ಮು ಹಾಲಿನದಲ್ಲ, ಮಾಂಸದ ದನಗಳದ್ದು. ಕಫೀಲ್‌ಗೆ ತನ್ನದೇ ನೆಲದಲ್ಲಿ ತನ್ನದೇ ತಳಿ ಬೆಳೆಸುವ ಆಸೆ ಹುಟ್ಟಿ, ಆಸ್ಟ್ರೇಲಿಯಾದಿಂದ ಒಂದು ಹಿಂಡು ಕರಿ ಹಸುಗಳನ್ನೂ ಎರಡು ಎಳೆ ಹೋರಿಗಳನ್ನೂ ತರಿಸಿದ್ದ. ನಾನೋ, ಮೊಟ್ಟೆ ಕೂಡ ಹೊಸಿಲು ದಾಟದ ಮನೆಯವನು. ಹಾಗಾಗಿ ನನ್ನ ಹೆಂಡತಿ ಖೈತಾನ್‌ನ ಕನ್ನಡದವರ ಮನೆಗಳಲ್ಲೆಲ್ಲ ನಾನು ಡೈರಿಯಲ್ಲಿದ್ದೇನೆ ಎಂದು ಹೇಳಿಟ್ಟಿದ್ದಳು. ಡೈರಿ ಅಂದಮೇಲೆ ಹಾಲೆಲ್ಲಿ ಎಂದು ಜನ ಕೇಳಲು ಶುರು ಮಾಡಿದರು. ಕೊನೆಗೆ ನಾನು ದಾರಿಯ ಅಂಗಡಿಯಲ್ಲಿ ಹಾಲು ಕೊಂಡು, ಕ್ಯಾನಿಗೆ ಸುರಿದುಕೊಂಡು ಮನೆಗೆ ತರಬೇಕಾಯಿತು. ಫಾರ್ಮಿನ ಹಾಲಿನ ರುಚಿಯೇ ಬೇರೆ ಎಂದು ಎದುರು ಮನೆಯ ಬ್ಯಾಂಕಿನವರ ಹೆಂಡತಿ ಹೊಗಳಿದ್ದೇ ಹೊಗಳಿದ್ದು.

ನನಗೆ ಅರಬ್ಬಿ ಬರುತ್ತಿರಲಿಲ್ಲ. ಕಫೀಲ್‌ಗೆ ಇಂಗ್ಲಿಷ್ ಬೇಕಿರಲಿಲ್ಲ. ನಮ್ಮಿಬ್ಬರ ನಡುವೆ ನಿಂತಿದ್ದವರು ಫಾರ್ಮಿನ ಉಗ್ರಾಣ ನೋಡಿಕೊಳ್ಳುತ್ತಿದ್ದ ಒಬ್ಬರು ಬ್ಯಾರಿ, ಬಂಟ್ವಾಳದ ಕಡೆಯವರು. ನನಗಿಂತ ಹಿರಿಯರು, ಅಲ್ಲಿ ನೆಲೆಸಿ ಬಹಳ ಕಾಲವಾಗಿತ್ತು. ಅರಬ್ಬಿಯನ್ನು ಅಲ್ಲಿಯವರಂತೆಯೇ ಮಾತಾಡುತ್ತಿದ್ದರು. ನಾನು ಅವರನ್ನು ಭಾಯಿ ಎನ್ನುತ್ತಿದ್ದೆ, ಅವರು ನನ್ನನ್ನು ಡಾಕ್ಟ್ರೇ ಎನ್ನುತ್ತಿದ್ದರು. ನಾನು ಕನ್ನಡದಲ್ಲಿ ಹೇಳುವುದು, ಅವರು ಅರಬ್ಬಿಯಲ್ಲಿ ದಾಟಿಸುವುದು. ನಾನು ಒಂದು ಮೊಳ ಮಾತಾಡಿದರೆ ಅವರದು ಒಂದು ಗೇಣಿಗೆ ಮುಗಿಯುತ್ತಿತ್ತು. ಕಫೀಲ್ ನಕ್ಕು ತಲೆದೂಗುತ್ತಿದ್ದ. ಅರಬ್ಬಿ ಎಷ್ಟು ಚುಟುಕಾದ ಭಾಷೆ ಎಂದು ನಾನು ಮೆಚ್ಚಿಕೊಂಡಿದ್ದೆ.

ಹೋರಿಗಳು ಶುವೈಖ್ ಬಂದರಿನಲ್ಲಿ ಇಳಿದಾಗ ಕಾಲು ನಡುಗುತ್ತಿದ್ದವು. ಒಂದು ಹಸುಗಳ ಜಾತಿಯದೇ, ಪೂರ್ತಿ ಕರಿ. ಇನ್ನೊಂದು ಕೆಂಪು ಮೈ, ಬಿಳಿ ಮುಖ. ಎರಡಕ್ಕೂ ಇನ್ನೂ ಹಾಲುಹಲ್ಲು ಪೂರ್ತಿ ಬಿದ್ದಿರಲಿಲ್ಲ. ಹಸುಗಳ ಜೊತೆ ಬಿಡುವುದು ಚಳಿಗಾಲಕ್ಕೆ ಎಂದು ನಾನು ಗೊತ್ತು ಮಾಡಿದೆ; ಆಗಲಾದರೆ ಹೋರಿಗೆ ಸೆಕೆಯ ಕಾಟವಿಲ್ಲ, ಕರುಗಳು ಹುಟ್ಟುವ ಹೊತ್ತಿಗೆ ಬೇಸಿಗೆಯ ಉರಿಯೂ ಇಳಿದಿರುತ್ತದೆ. ಅಲ್ಲಿಯವರೆಗೆ ಮಾಡುವ ಕೆಲಸ ಬೇಕಾದಷ್ಟಿತ್ತು. ಗೊರಸು ನೋಡಬೇಕು, ಕಣ್ಣು ನೋಡಬೇಕು, ಬೀಜ ಅಳೆಯಬೇಕು, ವೀರ್ಯ ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಬೇಕು. ಹಸುಗಳ ಮುಂದೆ ಕಾದಾಡದಂತೆ ಎರಡನ್ನೂ ಒಟ್ಟಿಗೆ ಬಿಟ್ಟು ಮೊದಲೇ ಪರಿಚಯ ಮಾಡಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ ನಡೆಸಬೇಕು. ಅದಕ್ಕೆಂದೇ ನಾನು ಮೇವನ್ನು ದೊಡ್ಡಿಯ ಒಂದು ತುದಿಗೂ ನೀರಿನ ತೊಟ್ಟಿಯನ್ನು ಇನ್ನೊಂದು ತುದಿಗೂ ಇಡಿಸಿದೆ. ಬಾಯಾರಿದಾಗಲೆಲ್ಲ ನಡೆಯುತ್ತವೆ, ಕಾಲು ಗಟ್ಟಿಯಾಗುತ್ತದೆ, ಕೊಬ್ಬು ಕೂರುವುದಿಲ್ಲ.

ಒಂದು ಬೆಳಿಗ್ಗೆ ಹೋಗಿ ನೋಡಿದರೆ ತೊಟ್ಟಿ ಮೇವಿನ ಪಕ್ಕಕ್ಕೆ ಬಂದು ಕೂತಿತ್ತು, ಅದೂ ನೆರಳಿನಲ್ಲಿ. ಕಫೀಲ್ ಬಂದಿದ್ದನಂತೆ. ದೂರದ ದೇಶದಿಂದ ಬಂದ ಅತಿಥಿಗಳನ್ನು ನೀರಿಗಾಗಿ ಅಷ್ಟು ದೂರ ನಡೆಸುವುದು ಯಾವ ಮರ್ಯಾದೆ ಎಂದು ಕೇಳಿದನಂತೆ. ನನಗೆ ಮೈ ಪರಚಿಕೊಳ್ಳುವ ಹಾಗಾಯಿತು. ತೊಟ್ಟಿಯನ್ನು ತಿರುಗಿ ಮೊದಲಿನ ಜಾಗಕ್ಕೆ ಇಡಿಸಿದೆ. ವಾರ ಕಳೆಯುವುದರೊಳಗೆ ಅದು ಮತ್ತೆ ನೆರಳಿಗೆ ಬಂತು.

ಶುಕ್ರವಾರ ಬಂದರೆ ಇನ್ನೊಂದು ಹಬ್ಬ; ರಜೆಯ ದಿನವಾದರೂ ಎಷ್ಟೋ ಸಲ ನನಗೆ ಬುಲಾವು ಬರುತ್ತಿತ್ತು. ಕಫೀಲ್ ತನ್ನ ದಿವಾನಿಯಾದಲ್ಲಿ ಹರಟೆಗೆ ಕೂರುವ ಗೆಳೆಯರನ್ನೆಲ್ಲ ಕಾರುಗಳಲ್ಲಿ ತುಂಬಿಕೊಂಡು ಬರುತ್ತಿದ್ದ. ಜಮಖಾನೆ ಹಾಸಿ, ಚಹಾ ಕಾಯಿಸಿ, ಹೋರಿಗಳ ಮೈ ತೊಳೆಸಿ, ಎಣ್ಣೆ ಸವರಿಸಿ ಮುಂದೆ ತಂದು ನಿಲ್ಲಿಸಬೇಕು. ಅವನು ತನ್ನ ಕೈಯಾರೆ ಖರ್ಜೂರ ತಿನ್ನಿಸುತ್ತಿದ್ದ. ಕರಿ ಹೋರಿ ಮೊದಲ ದಿನವೇ ಅದರ ರುಚಿ ಹತ್ತಿಸಿಕೊಂಡಿತು. ಅವನ ಕಾರಿನ ಸದ್ದಿಗೆ ಬೇಲಿಯ ಹತ್ತಿರ ಬಂದು ನಿಲ್ಲುತ್ತಿತ್ತು. ಕೆಂಪು ಹೋರಿ ಮೂಸಿ ನೋಡಿ ಮುಖ ತಿರುಗಿಸಿತು. ಆವತ್ತಿನಿಂದ ಕರಿಯದಕ್ಕೆ ಬಾರ್ಲಿಯ ರಾಶಿ, ಖರ್ಜೂರ, ಮೈ ಸವರುವಿಕೆ. ಕೆಂಪಿಗೆ ನಾನು ಹೇಳಿದಷ್ಟು ಮೇವು, ಪುಣ್ಯಕ್ಕೆ.

ನಾನು ಸುಮ್ಮನಿದ್ದೆನೇ? ಇರಲಿಲ್ಲ. ಕರಿ ಹೋರಿಗೆ ಬೀಜದ ಸುತ್ತಲೂ ಕೊಬ್ಬು ಕಟ್ಟುತ್ತಿದೆ, ಅಲ್ಲಿ ಬಿಸಿ ಏರಿದರೆ ವೀರ್ಯ ಕೆಡುತ್ತದೆ, ಇಷ್ಟು ಬಾರ್ಲಿ ತಿಂದರೆ ಗೊರಸಿನೊಳಗೆ ನೋವು ಶುರುವಾಗುತ್ತದೆ, ನೀವು ಪ್ರೀತಿ ಮಾಡುತ್ತಿಲ್ಲ, ಆ ಪ್ರಾಣಿಯನ್ನು ಹಾಳು ಮಾಡುತ್ತಿದ್ದೀರಿ ಎಂದು ಒಂದು ಶುಕ್ರವಾರ ಗೆಳೆಯರ ಎದುರಿಗೇ ಹೇಳಿದೆ. ಭಾಯಿ ದಾಟಿಸಿದರು. ಕಫೀಲ್ ನನ್ನ ಭುಜ ತಟ್ಟಿ ಖರ್ಜೂರದ ತಟ್ಟೆಯನ್ನು ನನ್ನ ಮುಂದೆ ಹಿಡಿದ. ಇಷ್ಟು ಬೈಸಿಕೊಂಡೂ ನಗುವ ಮನುಷ್ಯ ಎಂಥ ದಪ್ಪ ಚರ್ಮದವನಿರಬೇಕು ಎಂದು ಮನೆಗೆ ಬಂದು ಹೆಂಡತಿಯ ಹತ್ತಿರ ಕೂಗಾಡಿದೆ.

ಚಳಿ ಬಂತು. ಹಸುಗಳನ್ನು ಎರಡು ಪಾಲು ಮಾಡಿ ಒಂದೊಂದು ಹೋರಿಗೆ ಒಂದೊಂದು ಪಾಲು ಒಪ್ಪಿಸಿದೆ. ಎಳೆ ಹೋರಿಗಳಿಗೆ ಅದಕ್ಕಿಂತ ಹೆಚ್ಚು ಹೊರಿಸಬಾರದು. ಬೆಳಿಗ್ಗೆ ಬಿಸಿಲೇರುವ ಮೊದಲು ಪಿಕಪ್ಪಿನಲ್ಲಿ ಕೂತು ಯಾವ ಹಸು ಬೆದೆಗೆ ಬಂದಿದೆ, ಹೋರಿ ಸರಿಯಾಗಿ ಏರುತ್ತದೆಯೇ, ಇಳಿದ ಮೇಲೆ ಕುಂಟುತ್ತದೆಯೇ ಎಂದು ನೋಡುವುದೇ ನನ್ನ ಕೆಲಸ. ಕೆಂಪು ಹೋರಿ ಕೆಲಸಗಾರ. ತಿನ್ನುವುದನ್ನೂ ಮರೆತು ಹಸುಗಳ ಹಿಂದೆ ಅಲೆಯುತ್ತಿತ್ತು. ಕರಿಯದು ಮೊದಲ ಕೆಲವು ದಿನ ಅಷ್ಟಿಷ್ಟು ಉತ್ಸಾಹ ತೋರಿಸಿ ಆಮೇಲೆ ನೆರಳು ಹುಡುಕಿ ಮಲಗಿತು. ಬೆದೆಗೆ ಬಂದ ಹಸು ಎದುರಿಗೇ ಬಂದು ನಿಂತರೆ ಏಳಲು ಒಂದು ಸಲ ಪ್ರಯತ್ನ ಮಾಡುತ್ತಿತ್ತು, ಹಿಂಗಾಲು ಊರಲಾಗದೆ ಕೂತುಬಿಡುತ್ತಿತ್ತು.

ವಿಷಯ ಕಫೀಲ್‌ಗೆ ಮುಟ್ಟಿಸಿದೆ. ಅವನ ತೀರ್ಮಾನ ಬಂತು: ಕರಿಯದನ್ನು ದಣಿಸಬೇಡಿ, ಅದರ ಹಸುಗಳನ್ನೂ ಕೆಂಪಿಗೇ ಬಿಡಿ. ಎಳೆ ಹೋರಿ, ಇನ್ನೂ ಮೂಳೆ ಬೆಳೆಯುತ್ತಿದೆ, ಎರಡಾಳಿನ ಕೆಲಸ ಒಂದರ ಮೇಲೆ ಹೇರಿದರೆ ಸೊರಗಿಹೋಗುತ್ತದೆ, ಇನ್ನೊಂದು ಹೋರಿ ತರಿಸಿ, ಇಲ್ಲದಿದ್ದರೆ ಆ ಹಸುಗಳು ಈ ವರ್ಷ ಖಾಲಿ ಇರಲಿ ಎಂದೆ. ಭಾಯಿ ಅದನ್ನೂ ದಾಟಿಸಿದರು. ಕಫೀಲ್ ಅದನ್ನೂ ಸಂತೋಷದಿಂದ ಕೇಳಿದ. ಸಂಜೆಗೆ ಕೂಲಿಯವರು ಬೇಲಿ ತೆಗೆದು ಇಡೀ ಹಿಂಡನ್ನು ಕೆಂಪು ಹೋರಿಯ ಪಾಲಿಗೆ ಬಿಟ್ಟರು. ಶುಕ್ರವಾರದ ಜಮಖಾನೆಯ ಮುಂದೆ ಮಿಂಚುತ್ತ ನಿಲ್ಲುತ್ತಿದ್ದದ್ದು ಮಾತ್ರ ಕರಿಯದೇ.

ಚಳಿಗಾಲ ಮುಗಿಯುವ ಹೊತ್ತಿಗೆ ಕೆಂಪು ಹೋರಿಯ ಪಕ್ಕೆಲುಬು ಎಣಿಸಬಹುದಿತ್ತು. ಬೆನ್ನು ಏಣಿನಂತೆ ಮೇಲೆದ್ದಿತ್ತು. ಆದರೆ ಕಣ್ಣಿನಲ್ಲಿ ಕಳೆಯಿತ್ತು, ಕಾಲು ನೆಟ್ಟಗಿತ್ತು. ಇದರಲ್ಲಿ ಗಾಬರಿಯಾಗುವಂಥದ್ದು ಏನೂ ಇರಲಿಲ್ಲ. ಹಸುಗಳಿಂದ ಬೇರೆ ಮಾಡಿ, ಜಂತುಹುಳುವಿನ ಔಷಧಿ ಕುಡಿಸಿ, ಕುದುರೆಮಸಾಲೆ ಸೊಪ್ಪಿನ ಜೊತೆ ಹಿಂಡಿಯನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತ ಹೋದರೆ ಬೇಸಿಗೆ ಕಳೆಯುವಷ್ಟರಲ್ಲಿ ಮೈ ತುಂಬಿಕೊಂಡು ಮೊದಲಿಗಿಂತ ದೊಡ್ಡದಾಗುತ್ತದೆ. ಮುಂದಿನ ಚಳಿಗಾಲಕ್ಕೆ ಆ ಫಾರ್ಮಿಗೆ ಅದಕ್ಕಿಂತ ಒಳ್ಳೆಯ ಹೋರಿ ಬೇರೆ ಇರುತ್ತಿರಲಿಲ್ಲ. ನಾನು ಅದಕ್ಕೆ ಬೇರೆ ದೊಡ್ಡಿ ಮಾಡಿಸಿ, ರಸ್ತೆ ಪಕ್ಕದ ತಂಪು ಜಾಗದಲ್ಲಿ ಕಟ್ಟಿಸಿದೆ. ಹಸುಗಳಿಗೆ ಕೈ ಹಾಕಿ ಪರೀಕ್ಷೆ ಮಾಡುತ್ತ ಬಂದೆ; ಮುಟ್ಟಿದ್ದೆಲ್ಲ ಗಬ್ಬ. ಬಹಳ ದಿನಗಳ ಮೇಲೆ ನಾನು ಹಾಡು ಗುನುಗಿಕೊಂಡು ಮನೆಗೆ ಹೋದದ್ದು ಆಗಲೇ.

ಕಫೀಲ್ ಕಾರಿನಲ್ಲಿ ಬರುವಾಗ ರಸ್ತೆಯಿಂದಲೇ ಕೆಂಪು ಹೋರಿಯನ್ನು ನೋಡಿದ. ಅವನ ಮುಖ ಕಪ್ಪಿಟ್ಟಿತು. ದಾರಿಹೋಕರು ನೋಡಿದರೆ ಈ ಮನೆಯವನು ಅನ್ನ ಹಾಕುವುದಿಲ್ಲ ಎನ್ನುವುದಿಲ್ಲವೇ, ಹಿಂದಕ್ಕೆ ಸಾಗಿಸಿ ಎಂದ. ಸೊರಗಿದ ಪ್ರಾಣಿ ಅವನಿಗೆ ನಾಚಿಕೆ. ಅದನ್ನು ಸೊರಗಿಸಿದವನು ತಾನೇ ಎನ್ನುವುದು ಮಾತ್ರ ತಲೆಗೆ ಹೋಗಲೇ ಇಲ್ಲ. ಆಮೇಲೆ ಇನ್ನೊಂದು ಮಾತು ಅಂದ. ಮಗನ ಮದುವೆ ಹತ್ತಿರ ಬಂದಿದೆ, ಆ ಊಟಕ್ಕೆ ಇದನ್ನು ಕಡಿದುಬಿಡೋಣ, ಹೇಗೂ ಸೋತುಹೋಗಿದೆ, ಕರಿಯದು ಇದೆಯಲ್ಲ.

ಆವತ್ತು ನಾನು ಮಾತಾಡಿದಷ್ಟು ಜೀವಮಾನದಲ್ಲಿ ಮಾತಾಡಿಲ್ಲ. ಹಸುಗಳ ಹೊಟ್ಟೆಯಲ್ಲಿರುವುದು ಬಹುಪಾಲು ಇದರ ಕರುಗಳೇ ಎಂದೆ. ತೆಳ್ಳಗಾದದ್ದು ರೋಗದಿಂದಲ್ಲ, ದುಡಿದದ್ದರಿಂದ ಎಂದೆ. ಕಡಿಯಲೇಬೇಕಿದ್ದರೆ ಆ ಕರಿಯ ಸೋಮಾರಿಯನ್ನು ಕಡಿಯಿರಿ, ಊಟಕ್ಕಾದರೂ ಆಗುತ್ತದೆ ಎಂದೆ. ಮನೆಯಲ್ಲಿ ಮೊಟ್ಟೆ ತಿನ್ನದ ನಾನು ಯಾವ ಹೋರಿಯನ್ನು ಕಡಿಯಬೇಕೆಂದು ಪಟ್ಟು ಹಿಡಿದು ನಿಂತಿದ್ದೆ. ಭಾಯಿ ನೆಲ ನೋಡುತ್ತ ಎರಡು ವಾಕ್ಯ ಹೇಳಿದರು. ಕಫೀಲ್ ಎದೆಯ ಮೇಲೆ ಕೈಯಿಟ್ಟುಕೊಂಡು ನನಗೆ ತಲೆಬಾಗಿದ. ಗೆದ್ದೆ ಎಂದುಕೊಂಡು ನಾನು ಮನೆಗೆ ಹೋದೆ.

ಮದುವೆಯ ಮರುದಿನ ಶುಕ್ರವಾರ. ರಜೆ. ಬ್ಯಾಂಕಿನವರೂ ಅವರ ಹೆಂಡತಿಯೂ ನಮ್ಮಲ್ಲಿಗೆ ಊಟಕ್ಕೆ ಬಂದಿದ್ದರು. ಎಲೆ ಸಿಗದ ಊರಿನಲ್ಲಿ ಸ್ಟೀಲಿನ ತಟ್ಟೆಗೆ ಬಿಸಿಬೇಳೆಬಾತು ಬಡಿಸುತ್ತಿದ್ದ ಹೊತ್ತಿಗೆ ಕರೆಗಂಟೆ ಆಯಿತು. ಭಾಯಿ ನಿಂತಿದ್ದರು. ಕೈಯಲ್ಲಿ ಬಿಳಿ ಬಟ್ಟೆ ಮುಚ್ಚಿದ ದೊಡ್ಡ ತಟ್ಟೆ. ಬಟ್ಟೆಯ ಒಂದು ಮೂಲೆ ಒದ್ದೆಯಾಗಿ ಕೆಂಪಾಗಿತ್ತು. ಮದುವೆಯ ಮಾಂಸದಲ್ಲಿ ಒಳ್ಳೆಯ ಭಾಗವನ್ನು ಕಫೀಲ್ ತಾನೇ ಆರಿಸಿ, ದನಗಳನ್ನು ಇಷ್ಟು ಚೆನ್ನಾಗಿ ನೋಡಿಕೊಂಡ ಡಾಕ್ಟರ್ ಮನೆಗೆ ಮೊದಲು ಹೋಗಲಿ ಎಂದು ಕಳಿಸಿದ್ದನಂತೆ.

ಯಾವುದು ಎಂದು ಕೇಳಿದೆ. ಭಾಯಿ ತಟ್ಟೆಯ ಒದ್ದೆಯಾದ ಮೂಲೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು. ನನಗೆ ತಿಳಿಯಿತು.

ಒಳಗಿದ್ದವರಿಗೂ ತಿಳಿಯಿತು. ಬಾಗಿಲಿಗೆ ಬಂದು ಇಣುಕಿದ ಬ್ಯಾಂಕಿನವರ ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡು, ಇದೆಂಥ ಡೈರಿ ಎಂದು ಗಂಡನನ್ನು ಕೇಳಿದಳು. ಬಡಿಸಿದ ತಟ್ಟೆ ಹಾಗೇ ಬಿಟ್ಟು ಇಬ್ಬರೂ ಎದ್ದು ಹೋದರು. ಆಮೇಲೆ ಅವರ ಮನೆಯ ಅರಿಶಿನ ಕುಂಕುಮಕ್ಕೆ ನನ್ನ ಹೆಂಡತಿಗೆ ಕರೆ ಬರಲಿಲ್ಲ. ನನ್ನ ಕಫೀಲ್‌ನ ಖಾತೆ ಇದ್ದದ್ದು ಆ ಮನುಷ್ಯನ ಬ್ಯಾಂಕಿನಲ್ಲೇ. ಆ ದುಡ್ಡಿಗೆ ಮಾತ್ರ ಅವರಿಗೆ ಯಾವ ವಾಸನೆಯೂ ಬಂದಿರಲಿಲ್ಲ. ಹೆಂಡತಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು.

ನಾನು ಭಾಯಿಯನ್ನು ಮೆಟ್ಟಿಲ ಹತ್ತಿರ ತಡೆದು ನಿಲ್ಲಿಸಿದೆ. ತಟ್ಟೆ ಇನ್ನೂ ಅವರ ಕೈಯಲ್ಲೇ ಇತ್ತು.

"ಭಾಯಿ, ಅವತ್ತು ನಾನು ಅಷ್ಟು ಹೇಳಿದ್ನಲ್ಲ, ನೀವು ಅವನಿಗೆ ಏನು ಹೇಳಿದ್ರಿ?"

"ಡಾಕ್ಟರಿಗೆ ಈ ಹೋರಿ ಮೇಲೆ ತುಂಬಾ ಪ್ರೀತಿ ಉಂಟು, ಆದ್ರೆ ಪ್ರಾಣಿ ನಿಮ್ದು, ನೀವು ಮಾಡಿದ್ದೇ ಸರಿ ಅಂತ ಹೇಳ್ತಾರೆ. ಅಷ್ಟೇ ಹೇಳಿದ್ದು."

"ಮತ್ತೆ ಮೊದಲೆಲ್ಲ? ಖರ್ಜೂರ ತಿನ್ನಿಸ್ತಿದ್ದಾಗ?"

"ಅದೂ ಹಾಗೆಯೇ. ನೋಡಿ ಡಾಕ್ಟ್ರೇ, ನೀವು ಬೈದದ್ದನ್ನು ಬೈದ ಹಾಗೆಯೇ ಹೇಳ್ಲಿಕ್ಕೆ ಆಗ್ತದಾ? ಕಫೀಲ್ ಎದುರು, ಅದೂ ಅವನ ದೋಸ್ತಿಗಳು ಕೂತಿರುವಾಗ? ನಿಮ್ಮ ಇಕಾಮಾ ಹೋಗ್ತದೆ, ನನ್ನದೂ ಹೋಗ್ತದೆ. ನನ್ನ ಮನೆಯಲ್ಲಿ ಮೂರು ಹೆಣ್ಣುಮಕ್ಕಳುಂಟು ಮಾರಾಯ್ರೆ."

ಇಡೀ ಒಂದು ಚಳಿಗಾಲ ನಾನು ಗೋಡೆಗೆ ಬೈದಿದ್ದೆ. ನನ್ನ ಸಿಟ್ಟು, ನನ್ನ ವಿದ್ಯೆ, ಒಂದು ಅಕ್ಷರವೂ ಆ ಮನುಷ್ಯನ ಕಿವಿಗೆ ಬಿದ್ದಿರಲಿಲ್ಲ. ಭಾಯಿಯ ಕೊರಳಪಟ್ಟಿ ಹಿಡಿಯಬೇಕು ಅನಿಸಿತು. ಎರಡೂ ಕೈಯಲ್ಲಿ ತಟ್ಟೆ ಹೊತ್ತು ನಿಂತಿದ್ದರೆಂದು ಹಿಡಿಯಲಿಲ್ಲ, ಅಷ್ಟೆ. ತೆಗೆದುಕೊಂಡು ಹೋಗಿ ಎಂದೆ. ಅಬು ಹಲೀಫಾದಲ್ಲಿ ತಮ್ಮೂರಿನವರ ರೂಮಿದೆ, ಅಲ್ಲಿ ಕೊಡುತ್ತೇನೆ, ಡಾಕ್ಟರ್ ಮನೆಯಲ್ಲಿ ಬಹಳ ಖುಷಿಯಾಯಿತು ಎಂದು ಕಫೀಲ್‌ಗೆ ಹೇಳುತ್ತೇನೆ ಎಂದರು.

ಬೇಸಿಗೆಯುದ್ದಕ್ಕೂ ನಾನು ಅವರ ಜೊತೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದೆ. ಕೆಲಸ ಬಿಟ್ಟು ಹೋಗಬಹುದಿತ್ತು. ಗಬ್ಬದ ಹಸುಗಳನ್ನು ಅಂಥವನ ಕೈಗೆ ಬಿಟ್ಟು ಹೋಗುವ ಮನಸ್ಸಾಗಲಿಲ್ಲ.

ಸೆಪ್ಟೆಂಬರ್ ಕೊನೆಯಲ್ಲಿ ಹಸುಗಳು ಈಯತೊಡಗಿದವು. ಮೊದಲು ಹುಟ್ಟಿದವುಗಳಲ್ಲಿ ಒಂದೆರಡು ಪೂರ್ತಿ ಕರಿ. ಉಳಿದವುಗಳ ಮೈ ಕರಿ, ಮುಖ ಬಿಳಿ. ಒಂದಾದ ಮೇಲೊಂದು ಅವೇ. ಕರಿ ಹಸುವಿಗೆ ಆ ಕೆಂಪು ಜಾತಿಯ ಹೋರಿ ಸೇರಿದರೆ ಮೈಬಣ್ಣ ತಾಯಿಯದು, ಬಿಳಿ ಮುಖ ಅಪ್ಪನದು. ಇದರಲ್ಲಿ ಅನುಮಾನಕ್ಕೆ ಎಡೆಯೇ ಇಲ್ಲ. ಒದ್ದೆ ಮೈಯ ಕರು ತಾಯಿಯ ಕಾಲಸಂದಿಯಿಂದ ಆ ಮುಖ ಎತ್ತಿ ನನ್ನನ್ನು ನೋಡಿತು.

ಆ ಶುಕ್ರವಾರವೂ ಜಮಖಾನೆ ಹಾಸಲಾಯಿತು. ರಜೆಯಾದರೂ ಕರುಗಳನ್ನು ತೋರಿಸಲು ನನಗೆ ಬುಲಾವು ಬಂದಿತ್ತು. ಕಫೀಲ್ ಗೆಳೆಯರನ್ನು ಕರೆದುಕೊಂಡು ದೊಡ್ಡಿಯ ಸುತ್ತ ಹೆಮ್ಮೆಯಿಂದ ನಡೆದ. ಕುಂಟುತ್ತಿದ್ದ ಕರಿ ಹೋರಿಯ ಬೆನ್ನು ತಟ್ಟಿ, ಕರುಗಳ ಕರಿ ಮೈಯನ್ನು ತೋರಿಸಿ ಏನೋ ಹೇಳಿದ. ಗೆಳೆಯರು ಹೊಗಳಿದರು. ಏನೆಂದು ಭಾಯಿಯನ್ನು ಕೇಳಿದೆ. "ಎಲ್ಲಾ ಅಪ್ಪನ ಬಣ್ಣ ಅಂತ ಹೇಳ್ತಾ ಇದ್ದಾನೆ," ಎಂದರು.

ನನ್ನ ತಲೆ ಕೆಟ್ಟಿತು. ದುಡಿದದ್ದನ್ನು ಕಡಿದು ತಿಂದದ್ದೂ ಆಯಿತು, ಈಗ ಅದರ ಮಕ್ಕಳನ್ನೂ ಈ ಖರ್ಜೂರ ತಿಂದದ್ದಕ್ಕೆ ಬರೆದುಕೊಡುವುದೋ. ನಾನು ಮುಂದೆ ಹೋಗಿ ಒಂದು ಕರುವಿನ ಗಲ್ಲ ಹಿಡಿದೆತ್ತಿ ಆ ಮುಖವನ್ನು ಕಫೀಲ್ ಕಡೆ ತಿರುಗಿಸಿದೆ. ಈ ಬಿಳಿ ಮುಖ ಯಾರದು ನೋಡಿ ಎಂದೆ. ನೆರಳಲ್ಲಿ ಮಲಗಿದ್ದದ್ದು ಯಾವುದು, ಇಡೀ ಹಿಂಡಿಗೆ ಒಂಟಿಯಾಗಿ ದುಡಿದದ್ದು ಯಾವುದು, ಸೊರಗಿದೆ ಎಂದು ನಾಚಿಕೆಪಟ್ಟು ನೀವು ಮದುವೆಗೆ ಕಡಿದದ್ದು ಯಾವುದನ್ನು ಎಂದು ಒಂದೊಂದಾಗಿ ಕೇಳಿದೆ. ಇವುಗಳ ಅಪ್ಪನನ್ನು ನೀವು ತಿಂದಿರಿ, ನನ್ನ ಮನೆಗೂ ಕಳಿಸಿದಿರಿ ಎಂದೆ. ಹೇಳಿ ಮುಗಿಸಿ ಭಾಯಿಯನ್ನು ನೋಡಿದೆ.

ಅವರು ಟೋಪಿ ತೆಗೆದು ಬೆವರು ಒರೆಸಿಕೊಂಡು, ಮತ್ತೆ ಹಾಕಿಕೊಂಡರು. ಆಮೇಲೆ ಮಾತಾಡಲು ಶುರು ಮಾಡಿದರು. ಕರುವಿನ ಮುಖ ತೋರಿಸಿದರು, ನೆರಳಿನ ಕಡೆ ಕೈ ಮಾಡಿದರು, ಖಾಲಿಯಾಗಿದ್ದ ಆ ದೊಡ್ಡಿಯ ಕಡೆ ಕೈ ಮಾಡಿದರು. ಈ ಸಲ ಅವರ ಮಾತು ನನ್ನ ಮಾತಿನಷ್ಟೇ ಉದ್ದವಿತ್ತು. ಗೆಳೆಯರ ನಗು ನಿಂತಿತು.

ಕಫೀಲ್ ಬಹಳ ಹೊತ್ತು ಆ ಕರುವನ್ನೇ ನೋಡಿದ. ಬಗ್ಗಿ ಅದರ ಹಣೆ ಮುಟ್ಟಿದ. ಆಮೇಲೆ ತಲೆ ಎತ್ತದೆಯೇ ಮೆಲ್ಲಗೆ ಒಂದು ಪ್ರಶ್ನೆ ಕೇಳಿದ. ಭಾಯಿ ನನ್ನ ಕಡೆ ತಿರುಗಿದರು.

"ಆಗಲೇ ಯಾಕೆ ಹೇಳ್ಲಿಲ್ಲ ಅಂತ ಕೇಳ್ತಾ ಇದ್ದಾನೆ ಡಾಕ್ಟ್ರೇ," ಎಂದರು. "ಎಂತ ಹೇಳ್ಲಿ?"

ನನಗೆ ಗೊತ್ತಿದ್ದ ಉತ್ತರ ಒಂದೇ: ನಾನು ಹೇಳಿದ್ದೆ, ಇವರು ದಾಟಿಸಲಿಲ್ಲ. ಅದನ್ನು ಹೇಳಲು ಬೇಕಾದಷ್ಟು ಅರಬ್ಬಿ ಆ ಬೇಸಿಗೆಯಲ್ಲಿ ನಾನು ಹಟ ಹಿಡಿದು ಕಲಿತಿದ್ದೆ. ಬೆರಳು ತೋರಿಸಿದ್ದರೂ ಸಾಕಿತ್ತು. ಭಾಯಿ ನನ್ನ ಕಣ್ಣು ತಪ್ಪಿಸದೆ ಕಾಯುತ್ತಿದ್ದರು. ಅವರ ಮೇಲಿನ ಸಿಟ್ಟು ಒಂದಿಷ್ಟೂ ಇಳಿದಿರಲಿಲ್ಲ, ಇವತ್ತಿಗೂ ಪೂರ್ತಿ ಇಳಿದಿಲ್ಲ.

"ನನಗೆ ಅರಬ್ಬಿ ಬರಲ್ಲ ಅಂತ ಹೇಳಿ," ಎಂದೆ.

ಅದನ್ನು ಅವರು ಒಂದೇ ವಾಕ್ಯದಲ್ಲಿ ಹೇಳಿದರು.